ಬೆಣ್ಣೆಯ ಗಂಗೆದೊಗಲು

ನಮ್ಮ ಮನೆಯ ಮೊಲದ ಹೆಸರು ಬೆಣ್ಣೆ. ಇಟ್ಟವಳು ಮಗಳು. ಬೆಳ್ಳಗಿದೆ, ಮೆತ್ತಗಿದೆ, ಹಿಡಿಯಹೋದರೆ ಜಾರುತ್ತದೆ, ಇನ್ನೇನು ಬೇಕು ಎಂಬುದು ಅವಳ ವಾದ. ಹೋದ ಮಳೆಗಾಲದ ಒಂದು ಬೆಳಗ್ಗೆ ನೋಡಿದರೆ ಬೆಣ್ಣೆಗೆ ಬೂಷ್ಟು ಬಂದಿತ್ತು. ಗದ್ದದ ಕೆಳಗಿನ ಕೂದಲು ಅತ್ತ ನೀಲಿಯೂ ಅಲ್ಲ, ಇತ್ತ ಹಸಿರೂ ಅಲ್ಲ.

ಮೊದಲ ಅನುಮಾನ ಮಗಳ ಬಣ್ಣದ ಡಬ್ಬಿಯ ಮೇಲೆ. ಅವಳು ಅತ್ತಳು. ಎರಡನೆಯದು ನನ್ನ ಬಿಳಿ ಅಂಗಿಗಳಿಗೆ ಹಾಕುವ ನೀಲಿಯ ಮೇಲೆ. ಹೆಂಡತಿ ಅಳಲಿಲ್ಲ, ನನ್ನನ್ನು ಸುಮ್ಮನೆ ನೋಡಿದಳು. ನಾನು ಅನುಮಾನವನ್ನು ವಾಪಸ್ ತೆಗೆದುಕೊಂಡೆ. “ನೀಲಕಂಠ ಕಣೋ, ಏನೋ ವಿಷ ಕುಡಿದಿದೆ” ಎಂದಳು ಅಮ್ಮ.

ಪಶುವೈದ್ಯೆ ಚಿಕ್ಕ ವಯಸ್ಸಿನವರು. ಬೆಣ್ಣೆಯನ್ನು ಎತ್ತಿ, ಕೂದಲು ಬಿಡಿಸಿ, ಮೂಸಿದರು. ಇಷ್ಟು ವರ್ಷ ಡಾಕ್ಟರುಗಳ ಬಾಗಿಲು ತುಳಿದಿದ್ದೇನೆ, ನನ್ನನ್ನು ಒಬ್ಬರೂ ಮೂಸಿಲ್ಲ. ಬಾಯಿ ತೆರೆಸಿ ಹಲ್ಲು ನೋಡಿದರು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದಂತೆ. ಅಡ್ಡಾದಿಡ್ಡಿ ಬೆಳೆದರೆ ಜೊಲ್ಲು ಸುರಿದೂ ಕತ್ತು ನೆನೆಯಬಹುದು. ಹಲ್ಲು ಸರಿಯಿತ್ತು.

“ನೀರು ಯಾವುದರಲ್ಲಿ ಇಡ್ತೀರಿ?”

“ಅಗಲವಾದ ಬಟ್ಟಲಲ್ಲಿ.”

“ಅದೇ ನೋಡಿ.”

ಹೆಣ್ಣು ಮೊಲಕ್ಕೆ ಗದ್ದದಡಿ ಚರ್ಮದ ದೊಡ್ಡ ಮಡಿಕೆ. ಬಸುರಾದಾಗ ಅಲ್ಲಿಯ ತುಪ್ಪಳವನ್ನೇ ಕಿತ್ತು ಮರಿಗಳಿಗೆ ಹಾಸುತ್ತದೆ. ಬಟ್ಟಲಿಗೆ ಬಗ್ಗಿದಾಗಲೆಲ್ಲ ಆ ಮಡಿಕೆ ನೀರಿಗೆ ಅದ್ದುತ್ತದೆ. ಮಳೆಗಾಲದಲ್ಲಿ ನಮ್ಮ ಬನಿಯನ್ನೇ ಒಣಗುವುದಿಲ್ಲ, ಇನ್ನು ಅದು ಒಣಗೀತೆ? ನೆನೆದು ನೆನೆದು ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಅಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡುತ್ತದೆ. ಬಣ್ಣ ಅದರದು. ಕಾರ್ಲ್ ಜೆಸ್ಸಾರ್ ಎಂಬ ಫ್ರೆಂಚ್ ಔಷಧತಜ್ಞ 1882ರಲ್ಲಿ ಇದನ್ನು ಹಿಡಿದದ್ದೂ ಗಾಯದ ಪಟ್ಟಿಗಳು ಯಾಕೆ ನೀಲಿ-ಹಸಿರಾಗುತ್ತವೆ ಎಂದು ಹುಡುಕಹೊರಟೇ. ಅವನೂ ಮೊದಲು ಮನೆಯವರ ಮೇಲೆ ಅನುಮಾನಪಟ್ಟನೋ ಏನೋ.

“ಈ ಮಡಿಕೆಗೆ ಡ್ಯೂಲ್ಯಾಪ್ ಅಂತೀವಿ. ಕನ್ನಡದಲ್ಲಿ ಏನೋ, ಗೊತ್ತಿಲ್ಲ” ಎಂದರು ವೈದ್ಯೆ.

“ಗಂಗೆದೊಗಲು” ಎಂದಳು ಬೆಂಚಿನ ಮೇಲೆ ಕೂತಿದ್ದ ಅಮ್ಮ.

ಊರಿನ ಕೊಟ್ಟಿಗೆ ಖಾಲಿಯಾಗಿ ಹನ್ನೊಂದು ವರ್ಷ. ಆ ಮಾತು ನನ್ನ ಕಿವಿಗೆ ಬಿದ್ದೂ ಅಷ್ಟೇ ವರ್ಷವಾಗಿತ್ತು. ದನಕ್ಕೆ ಮಾತ್ರ ಇರುವುದು ಅದು ಎಂದುಕೊಂಡಿದ್ದೆ. ಪೇಟೆಯಲ್ಲಿ ಅಮ್ಮನಿಗೆ ಆ ಮಾತನ್ನು ಖರ್ಚು ಮಾಡಲು ಜಾಗವೇ ಸಿಕ್ಕಿರಲಿಲ್ಲ.

ಕೂದಲು ಕತ್ತರಿಸಬೇಕಿತ್ತು. ಮೊಲದ ಚರ್ಮ ಹಸಿ ಹಪ್ಪಳದಷ್ಟು ತೆಳು, ಕತ್ತರಿ ಒಂಚೂರು ಜಾರಿದರೆ ಹರಿಯುತ್ತದೆ. ಹಿಡಿದುಕೊಳ್ಳುವ ಕೆಲಸ ನನ್ನದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹಟಮಾರಿಗಳ ಬಗ್ಗೆ ಹುಟ್ಟಿದ್ದಲ್ಲ. ನಾನೂ ಮೂರೇ ಎಣಿಸಿದೆ. ನಾಲ್ಕನೆಯದು ನನ್ನ ಹೊಟ್ಟೆಗೆ ಒದೆಯುತ್ತಿತ್ತು.

ದಿನಕ್ಕೆರಡು ಸಲ ಔಷಧದ ನೀರಲ್ಲಿ ಒರೆಸಿ, ಒಣಗಿಸಿ, ಮುಲಾಮು. ಬಟ್ಟಲಿನ ಬದಲು ತೂಗುಬಾಟಲಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಕೊಟ್ಟೀರಿ ಜೋಕೆ, ಅದು ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು ಮೊಲದ ಜೀವಕ್ಕೇ ಕುತ್ತು ಎಂದು ವೈದ್ಯೆ ಎಚ್ಚರಿಸಿದ್ದರು. ಮೈ ಇಳಿಯಬೇಕು, ಹುಲ್ಲೇ ಮುಖ್ಯ ಆಹಾರ, ಬಿಸ್ಕತ್ತು ಬಂದ್. ಬಿಸ್ಕತ್ತು ಕೊಡುತ್ತಿದ್ದವರು ಯಾರೆಂಬುದು ಇವತ್ತಿಗೂ ಬಗೆಹರಿದಿಲ್ಲ. ನಾನಂತೂ ದಿನಕ್ಕೆ ಒಂದೇ.

ಒರೆಸುವ ಕೆಲಸ ಮಾತ್ರ ಅಮ್ಮ ಯಾರಿಗೂ ಬಿಡಲಿಲ್ಲ. ನನಗೆ ಒದೆಯುವ ಪ್ರಾಣಿ ಅವಳ ಮಡಿಲಲ್ಲಿ ಗದ್ದ ಎತ್ತಿ ಕಣ್ಣು ಮುಚ್ಚುತ್ತಿತ್ತು. ಅವಳ ಬೆರಳು ಕತ್ತಿನುದ್ದಕ್ಕೂ ನಿಧಾನ ಹೋಗಿ ಬರುತ್ತಿತ್ತು. ಹಾಲು ಕರೆಯುವ ಮುಂಚೆ ಗೌರಿಯ ಕತ್ತು ತುರಿಸುತ್ತಿದ್ದದ್ದೂ ಹೀಗೆಯೇ.

ಕೆಲವು ವಾರಗಳಲ್ಲಿ ಬಿಳಿ ತುಪ್ಪಳ ಮತ್ತೆ ಬಂತು. ಬಾಟಲಿಯಿಂದಾಗಿ ಕತ್ತು ಈಗ ಗರಿಗರಿ ಒಣಗಿರುತ್ತದೆ. ಆದರೂ ದೀಪ ಹಚ್ಚಿದ ಮೇಲೆ ಅಮ್ಮ ಅದನ್ನು ಮಡಿಲಿಗೆ ಕರೆಯುತ್ತಾಳೆ. ಯಾಕಮ್ಮ ಎಂದರೆ, “ಒದ್ದೆಯಾಗಿದೆಯಾ ನೋಡ್ತಿದೀನಿ” ಎನ್ನುತ್ತಾಳೆ.

ಮೊನ್ನೆ ಬಾಯಿತಪ್ಪಿ “ಬಾರೇ ಗೌರಿ” ಎಂದಳು. ಬೆಣ್ಣೆ ಹೋಯಿತು.