ಗೂಡಿನ ಊರಿಂದ ಗುರಿಯ ಸಾಲಿಗೆ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರಿಯರಿಗೆ ‘ಗುಂಡು’ ಅಂದರೆ ಮೊದಲು ನೆನಪಾಗೋದು ವಿದುರಾಶ್ವತ್ಥ. ಗೌರಿಬಿದನೂರಿನ ಪಕ್ಕದ ಆ ಊರಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿನ ವೀರಸೌಧ ಇಂದಿಗೂ ಆ ಕಥೆ ಹೇಳುತ್ತದೆ. ಹಾಗಾಗಿ ನನ್ನ ಮಗಳು ಪಿಸ್ತೂಲ್ ಶೂಟಿಂಗ್ ಕಲೀತೀನಿ ಅಂದಾಗ, ಆ ಕಡೆಯವರೇ ಆದ ನಮ್ಮತ್ತೆ “ಹೆಣ್ಣುಮಗೂಗೆ ಗುಂಡಿನ ಸಹವಾಸ ಯಾಕಮ್ಮ?” ಅಂದುಬಿಟ್ಟರು.

ಮಗಳ ತಲೆಯಲ್ಲಿ ಇದ್ದದ್ದು ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಕಂಚು ಗೆದ್ದದ್ದನ್ನು ಟೀವಿಯಲ್ಲಿ ನೋಡಿದ್ದಳು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ತಂದವರು.

ಶಿಡ್ಲಘಟ್ಟದಲ್ಲಿ ಬೆಳಗಿನ ಬಸ್ಸು ಹತ್ತಿ, ವಿಜಯಪುರ, ದೇವನಹಳ್ಳಿ ದಾಟಿ ಹೆಬ್ಬಾಳ ತಲುಪಿದರೆ ಅರ್ಧ ಕೆಲಸ ಆದಂತೆ. ಅಲ್ಲಿಂದ ರೇಂಜಿಗೆ ಆಟೋ. ಅತ್ತೆಯೂ ಒಂದು ಭಾನುವಾರ ಜೊತೆಗೆ ಬಂದರು. ಉದ್ದನೆಯ ಹಾಲು, ಸಾಲಾಗಿ ನಿಂತ ಮಕ್ಕಳು, ಹತ್ತು ಮೀಟರ್ ದೂರದಲ್ಲಿ ಗುರಿ. ಅದರ ನಡುವಿನ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಸದ್ದು ಕೂಡ ‘ಟಪ್’ ಅಂತ ಅಷ್ಟೇ. ತರಬೇತುದಾರರು ಅತ್ತೆಯ ಅಂಗೈಗೆ ನಾಲ್ಕೈದು ಪೆಲ್ಲೆಟ್ ಹಾಕಿದರು. 4.5 ಮಿಲಿಮೀಟರಿನ ಸೀಸದ ಚೂರು, ತೂಕ ಸುಮಾರು ಅರ್ಧ ಗ್ರಾಂ. “ತೊಗರಿ ಕಾಳಷ್ಟೂ ಇಲ್ವಲ್ಲೋ!” ಅಂದರು ಅತ್ತೆ.

ಈ ಕಾಳನ್ನು ಆರಿಸೋದೇ ಒಂದು ವಿದ್ಯೆ. ಪೆಲ್ಲೆಟ್‌ನಲ್ಲಿ ಚೂಪು ತಲೆ, ಗುಂಡು ತಲೆ, ಚಪ್ಪಟೆ ತಲೆ ಅಂತೆಲ್ಲ ಇವೆ. ಗುರಿ ಅಭ್ಯಾಸಕ್ಕೆ ಚಪ್ಪಟೆ ತಲೆಯದೇ ಬೇಕು. ಅದು ಕಾಗದದಲ್ಲಿ ದುಂಡಗೆ, ಅಚ್ಚುಕಟ್ಟಾಗಿ ತೂತು ಮಾಡುತ್ತೆ, ಅಂಕ ಎಣಿಸೋಕೆ ಜಗಳ ಇಲ್ಲ. ತಲೆಯ ಅಳತೆಯಲ್ಲೂ 4.49, 4.50, 4.51 ಅಂತ ಕೂದಲೆಳೆಯ ವ್ಯತ್ಯಾಸಗಳಿವೆ. ದೊಡ್ಡ ಸ್ಪರ್ಧೆಗೆ ಹೋಗೋರು ಪಿಸ್ತೂಲನ್ನು ಅಲುಗಾಡದಂತೆ ಬಿಗಿದು, ಬೇರೆ ಬೇರೆ ಡಬ್ಬಿಯಿಂದ ಹೊಡೆದು, ಯಾವುದರ ತೂತುಗಳು ಒಂದರ ಮೇಲೊಂದು ಬೀಳುತ್ತವೆ ಅಂತ ಪರೀಕ್ಷೆ ಮಾಡ್ತಾರೆ.

“ಕಲಿಯೋ ಮಕ್ಕಳಿಗೆ ಅದೆಲ್ಲ ಈಗ ಬೇಡ. ಪೆಲ್ಲೆಟ್‌ನ ವ್ಯತ್ಯಾಸಕ್ಕಿಂತ ಕೈ ನಡುಕವೇ ದೊಡ್ಡದು. ಮಧ್ಯಮ ಬೆಲೆಯದು ಒಂದು ಹಿಡಿದು ಅದನ್ನೇ ಬಳಸಿ” ಅಂದರು ತರಬೇತುದಾರರು. ನಮಗೂ ನಿರಾಳ. ಒಂದು ಪೂರ್ತಿ ಸುತ್ತಿಗೆ 60 ಹೊಡೆತ. 500ರ ಡಬ್ಬಿ ಎಂಟು ಸುತ್ತಿಗೆ ಖಾಲಿ! ರೇಷ್ಮೆ ನಂಬಿದ ಮನೆಯಲ್ಲಿ ಈ ಲೆಕ್ಕ ಚಿಕ್ಕದಲ್ಲ.

ಆದರೆ ಡಬ್ಬಿ ಆರಿಸುವಾಗ ನಮ್ಮ ಊರಿನ ಬುದ್ಧಿಯೇ ಕೆಲಸಕ್ಕೆ ಬಂತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಒಂದು ಹಿಡಿ ಗೂಡು ಎತ್ತಿ ನೋಡೋದು ಏನನ್ನ? ಎಲ್ಲ ಒಂದೇ ಸಮ ಇವೆಯಾ, ಮೆತ್ತಗಿನದು, ಕಲೆಯದು ಸೇರಿದೆಯಾ ಅಂತ. ಪೆಲ್ಲೆಟ್ ಕೂಡ ಹಾಗೇ. ಹಿಂಬದಿಯ ತೆಳು ಅಂಚು ನೆಗ್ಗಿದ್ದರೆ ಅದು ನೇರ ಹೋಗಲ್ಲ. ಅತ್ತೆ ಕನ್ನಡಕ ಏರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನೆಗ್ಗಿದ್ದನ್ನೆಲ್ಲ ಬೇರೆ ಇಟ್ಟರು. ಆಮೇಲೆ “ಯಾಕಮ್ಮ” ಅನ್ನೋ ಮಾತೇ ಬರಲಿಲ್ಲ.

ಹೋಗುವವರಿಗೆ ಎರಡು ಮಾತು. 4.5 ಮಿಲಿಮೀಟರಿನ, ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಆದರೆ ಮದ್ದು ತುಂಬಿದ ಪಾಯಿಂಟ್ 22 ಗುಂಡಿನ ಪಿಸ್ತೂಲಿಗೆ ಬೇಕೇ ಬೇಕು. ಇನ್ನೊಂದು, ಪೆಲ್ಲೆಟ್ ಸೀಸದ್ದು. ಬಾಯಿಗೆ ಹಾಕಬಾರದು. ರೇಂಜಿನಿಂದ ಹೊರಬಂದ ಕೂಡಲೇ ಸೋಪು ಹಾಕಿ ಕೈ ತೊಳೆದೇ ತಿಂಡಿ ಡಬ್ಬಿ ಬಿಚ್ಚಿ.