ಪುಸ್ತಕ ಮುಚ್ಚಿ ಒಪ್ಪಿಸು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೆಯ ತರಗತಿ, ಕನ್ನಡ ಮಾಧ್ಯಮ, ವಿಜ್ಞಾನ ವಿಷಯ. ಪಾಠಯೋಜನೆ, ಬೋಧನೋಪಕರಣ, ಕಪ್ಪುಹಲಗೆಯ ಬಳಕೆ ಇವುಗಳ ಬಗ್ಗೆ ಮಾರ್ಗದರ್ಶಿ ಶಿಕ್ಷಕರು ನನ್ನ ಅವಲೋಕನ ಪುಸ್ತಕದಲ್ಲಿ ಒಳ್ಳೆಯ ಮಾತುಗಳನ್ನೇ ಬರೆದಿದ್ದಾರೆ. ಅವರು ಬರೆಯದೆ ಬಿಟ್ಟುಕೊಟ್ಟ ಒಂದು ಸಂಗತಿಯನ್ನು ನಾನೇ ಇಲ್ಲಿ ಬರೆಯುತ್ತಿದ್ದೇನೆ.

‘ಜೀವಕ್ರಿಯೆಗಳು’ ಘಟಕ ಮುಗಿದ ಮೇಲೆ 20 ಅಂಕಗಳ ಘಟಕ ಪರೀಕ್ಷೆ ಕೊಟ್ಟೆ. ಅದಕ್ಕೂ ಮೊದಲು ಹದಿನಾಲ್ಕು ಪ್ರಶ್ನೋತ್ತರಗಳನ್ನು ಬರೆಸಿ, ಒಂದೊಂದನ್ನೂ ಮೂರು ಮೂರು ಸಲ ಬರೆದುಕೊಂಡು ಬನ್ನಿ ಎಂದು ಹೇಳಿದ್ದೆ. ನಾನು ಎಸ್‌ಎಸ್‌ಎಲ್‌ಸಿ ಓದಿದ್ದೂ ಹಾಗೆಯೇ. ಮೂರನೇ ಬೆಂಚಿನ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಬರೆದು ತಂದಳು. ಅಚ್ಚು ಹಾಕಿದಂಥ ಅಕ್ಷರ, ಪ್ರಶ್ನೆಗೆ ಹಸಿರು ಶಾಯಿ, ಉತ್ತರಕ್ಕೆ ನೀಲಿ, ಸ್ಕೇಲು ಇಟ್ಟು ಎಳೆದ ಅಡಿಗೆರೆ. ‘ಉತ್ತಮ’ ಎಂದು ಬರೆದು ಸಹಿ ಹಾಕಿದೆ. ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು 6.

ಉತ್ತರ ಪತ್ರಿಕೆ ಹಂಚುವಾಗ ಎಲ್ಲರೆದುರೇ ಕೇಳಿದೆ, “ಓದೇ ಇಲ್ವಲ್ಲ, ಮನೇಲಿ ಏನ್ ಮಾಡ್ತೀಯ?” ಅವಳು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಕುಳಿತಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ಅವಳ ತಾಯಿ ಬಂದರು. ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುವ ಹೆಂಗಸು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಜಗಳ ಆಡಲಿಲ್ಲ. “ರಾತ್ರಿ ಹತ್ತು ಗಂಟೆ ತನಕ ಬರೀತಾನೇ ಇರ್ತಾಳೆ ಮೇಡಂ. ಇನ್ನೂ ಏನ್ ಮಾಡ್ಬೇಕು ಹೇಳಿ. ತಲೆಗೆ ಹತ್ತಲ್ಲ ಅಂದ್ರೆ ಬಿಟ್ಬಿಡು ಅಂತೀನಿ. ನನ್ ಜೊತೆ ಮಂಡಿಗೆ ಬರ್ಲಿ,” ಎಂದರು. ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು. ಓದುವುದಿಲ್ಲ ಎಂದು ನಾನು ಬೈದದ್ದು ತರಗತಿಯಲ್ಲೇ ಹೆಚ್ಚು ಹೊತ್ತು ಪುಸ್ತಕದ ಮುಂದೆ ಕೂರುವ ಹುಡುಗಿಯನ್ನು. ಅವಳು ನಾನು ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದಳು. ಫೇಲಾದದ್ದು ನಾನು ಹೇಳಿಕೊಟ್ಟ ವಿಧಾನ.

ಅವತ್ತು ತಾಯಿಗೆ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಹದಿನೈದು ದಿನ ಕೊಡಿ ಎಂದು ಕೇಳಿಕೊಂಡದ್ದು ಮಾತ್ರ ಗೊತ್ತು.

ಸಂಜೆಯ ವಿಶೇಷ ತರಗತಿಯಲ್ಲಿ ಅವಳ ಪಕ್ಕದಲ್ಲೇ ಕುಳಿತು ಅವಳು ಓದುವುದನ್ನು ನೋಡಿದೆ. ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ, ಹೃದಯದ ಇಮ್ಮಡಿ ಪರಿಚಲನೆಯ ಪುಟವನ್ನು ನಾಲ್ಕು ಸಲ ಓದಿದಳು. “ಬಂತಾ?” ಎಂದೆ. “ಬಂತು ಮಿಸ್.” ಪುಸ್ತಕ ಮುಚ್ಚಿದೆ. “ಬಲ ಹೃತ್ಕುಕ್ಷಿಯಿಂದ ರಕ್ತ ಎಲ್ಲಿಗೆ ಹೋಗುತ್ತೆ?” ಅವಳು ನನ್ನನ್ನು ನೋಡಿದಳು, ಮುಚ್ಚಿದ ಪುಸ್ತಕವನ್ನು ನೋಡಿದಳು. “ಈಗ್ಲೇ ಓದಿದ್ನಲ್ಲ ಮಿಸ್...” ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಿರಲಿಲ್ಲ ಅವಳು. ಪುಟ ಕಣ್ಣ ಮುಂದಿದ್ದಾಗ ಪ್ರತಿ ಸಾಲೂ ಪರಿಚಿತವಾಗಿ ಕಾಣುತ್ತದೆ, ಆ ಪರಿಚಯವನ್ನೇ ನಾವು ‘ಬಂತು’ ಎಂದುಕೊಳ್ಳುತ್ತೇವೆ. ಮೂರು ಸಲ ಬರೆಯುವಾಗಲೂ ಅಷ್ಟೇ. ಎರಡನೆಯ ಸಲ ನೋಡುವುದು ಪಠ್ಯವನ್ನಲ್ಲ, ಮೊದಲ ಸಲ ಬರೆದದ್ದನ್ನು. ಕೈ ನಡೆಯುತ್ತಿರುತ್ತದೆ, ತಲೆಗೆ ಕೆಲಸವೇ ಇರುವುದಿಲ್ಲ.

ಇದೆಲ್ಲ ನನಗೆ ಗೊತ್ತಿರಬೇಕಿತ್ತು. ಕಲಿಕೆಯ ಮನೋವಿಜ್ಞಾನದ ಪತ್ರಿಕೆಯಲ್ಲಿ ಎಬ್ಬಿಂಗ್‌ಹಾಸ್‌ನ ಮರೆವಿನ ರೇಖೆ ನನಗೆ ಹತ್ತು ಅಂಕದ ಪ್ರಶ್ನೆಯಾಗಿ ಬಂದಿತ್ತು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, 1885ರಲ್ಲಿ ಅವನು ಪ್ರಕಟಿಸಿದ ರೇಖೆ ಅದು. ಮೊದಲ ಕೆಲವು ಗಂಟೆಗಳಲ್ಲೇ ನೆನಪು ಸರ್ರನೆ ಕೆಳಗಿಳಿದು ಆಮೇಲೆ ನಿಧಾನವಾಗುತ್ತದೆ. ಆ ರೇಖೆಯನ್ನು ನಾನು ಕಲಿತದ್ದು ಹೇಗೆ ಗೊತ್ತೇ? ಸೀನಿಯರ್ ಒಬ್ಬರ ನೋಟ್ಸನ್ನು ನಾಲ್ಕು ಸಲ ಬರೆದು.

ಆ ವಾರದ ಕೊನೆಯಲ್ಲಿ ಕಾಲೇಜಿಗೆ ಹೋದಾಗ ನಮ್ಮ ಉಪನ್ಯಾಸಕರ ಹತ್ತಿರ ಹೇಳಿಕೊಂಡೆ. ಅವರು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಮಾಡಿದ ಅಧ್ಯಯನವನ್ನು ವಿವರಿಸಿದರು. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿ ಗದ್ಯ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ, ಶೇ 83ಕ್ಕೆ 71. ಒಂದು ವಾರದ ನಂತರ ಕೇಳಿದಾಗ ಓದಿದವರಲ್ಲಿ ಉಳಿದದ್ದು ಶೇ 40, ನೆನಪಿನಿಂದ ಬರೆದವರಲ್ಲಿ ಶೇ 61. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಮಾತ್ರ ಓದಿದ ಗುಂಪಿನಲ್ಲೇ ಹೆಚ್ಚಿತ್ತು. ಇದನ್ನು ಕೇಳಿದಾಗ ನನಗೆ ನೆನಪಾದದ್ದು “ಬಂತು ಮಿಸ್” ಎಂದ ಆ ದನಿ.

ಬಸ್ಸಿನಲ್ಲಿ ವಾಪಸ್ ಬರುವಾಗ ಇನ್ನೊಂದು ನೆನಪಾಯಿತು. ದೀಪ ಹಚ್ಚಿದ ಮೇಲೆ ನಮ್ಮಜ್ಜಿ ನಮ್ಮನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಮಗ್ಗಿ ಒಪ್ಪಿಸಲು ಹೇಳುತ್ತಿದ್ದಳು. ಓದಲು ಅಲ್ಲ, ಬರೆಯಲು ಅಲ್ಲ, ಒಪ್ಪಿಸಲು. ತಪ್ಪಿದರೆ ಅಲ್ಲಿಂದಲೇ ಮತ್ತೆ. ನಾಳೆ ಮತ್ತೆ. ಹದಿಮೂರರ ಮಗ್ಗಿ ನನಗೆ ಇವತ್ತಿಗೂ ಬರುತ್ತದೆ. ಪಿಯುಸಿಯಲ್ಲಿ ಪುಟಗಟ್ಟಲೆ ಬರೆದ ಟಿಪ್ಪಣಿಯ ಒಂದು ಸಾಲೂ ಉಳಿದಿಲ್ಲ. ಕಂಠಪಾಠ ಕೂಡದು ಎಂದು ನಾವೆಲ್ಲ ಬಿ.ಇಡಿ.ಯಲ್ಲಿ ಬರೆಯುತ್ತೇವೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕೂಡ ಕಲಿಕೆ ಬಾಯಿಪಾಠದಿಂದ ದೂರ ಸರಿಯಬೇಕು ಎಂದಿದೆ, ಸರಿಯೇ. ಆದರೆ ಶಾಲೆಗಳಲ್ಲಿ ನಾವು ಮಾಡಿರುವುದೇನು? ಬಾಯಿಪಾಠದ ಜೊತೆಗೆ ಒಪ್ಪಿಸುವುದನ್ನೂ ಬಿಟ್ಟೆವು. ನೋಡಿ ಬರೆಯುವುದನ್ನು ಮಾತ್ರ ಉಳಿಸಿಕೊಂಡೆವು. ಅರ್ಥವಾಗದ್ದನ್ನು ಒಪ್ಪಿಸುವುದು ವ್ಯರ್ಥ. ಆದರೆ ಅರ್ಥವಾದದ್ದನ್ನೂ ಒಪ್ಪಿಸದಿದ್ದರೆ ಅದು ನಿಲ್ಲುವುದಿಲ್ಲ ಎಂಬುದನ್ನು ಮರೆತೆವು.

ಸೋಮವಾರದಿಂದ ಕೆಲಸ ಶುರು ಮಾಡಿದೆ. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ನೆನಪಿದ್ದದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ನಾಳೆ ಮತ್ತೆ ಬಿಳಿ ಹಾಳೆ. ಇಷ್ಟೇ. ಮಕ್ಕಳಿಗೆ ಇದು ಇಷ್ಟವಾಗಲಿಲ್ಲ. ಮೊದಲ ದಿನ ಹೆಚ್ಚಿನವರ ಹಾಳೆಯಲ್ಲಿ ನೀಲಿ ನಾಲ್ಕು ಸಾಲು, ಉಳಿದದ್ದೆಲ್ಲ ಕೆಂಪು. “ಮಿಸ್, ಮೊದ್ಲಿನ ತರಾನೇ ಬರೀತೀವಿ, ಅದ್ರಲ್ಲಿ ಎಲ್ಲಾ ಸರಿ ಇರುತ್ತೆ,” ಎಂದ ಒಬ್ಬ.

ಮಾರ್ಗದರ್ಶಿ ಶಿಕ್ಷಕರಿಗೂ ಸಮಾಧಾನವಿರಲಿಲ್ಲ. “ನಿಮ್ಮ ಪ್ರಯೋಗ ಚೆನ್ನಾಗಿದೆಯಮ್ಮ, ಆದರೆ ತಪಾಸಣೆಗೆ ಬಂದವರು ನೋಡೋದು ನೋಟ್ಸ್ ಪುಸ್ತಕ. ರಫ್ ಹಾಳೆ ಯಾರೂ ಕೇಳಲ್ಲ,” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಫಲಿತಾಂಶದ ಲೆಕ್ಕ ಕೊಡಬೇಕಾದವರು ಅವರು, ನಾನಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಪ್ರಶ್ನೋತ್ತರ ಪುಸ್ತಕ ಒಂದೇ ಸಲ, ಅಚ್ಚುಕಟ್ಟಾಗಿ. ಉಳಿದ ಎರಡು ಸಲದ ಹೊತ್ತು ನನಗೆ.

ಪ್ರತಿ ಅವಧಿಯ ಮೊದಲ ಐದು ನಿಮಿಷ ಹಲಗೆಯ ಮೇಲೆ ಮೂರು ಪ್ರಶ್ನೆ ಬರೆಯುತ್ತಿದ್ದೆ: ನಿನ್ನೆಯದೊಂದು, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು. ಅಂಕ ಇಲ್ಲ, ಬೈಗುಳ ಇಲ್ಲ. ತಿಂಗಳ ಹಿಂದಿನ ಪ್ರಶ್ನೆಗೆ ಇಡೀ ತರಗತಿ ಮೌನವಾಗಿರುತ್ತಿತ್ತು. ಆ ಮೌನವೇ ನನಗೆ ನಿದಾನಾತ್ಮಕ ಪರೀಕ್ಷೆಯಾಯಿತು.

‘ವಿದ್ಯುಚ್ಛಕ್ತಿ’ ಘಟಕದ ಲೆಕ್ಕಗಳಲ್ಲಿ ಆದದ್ದನ್ನು ಸಹಪಾಠಿಗಳಿಗೆ ಹೇಳಲೇಬೇಕು. ಸರಣಿ ಜೋಡಣೆಯ ಲೆಕ್ಕ ಒಂದು ದಿನ, ಸಮಾಂತರ ಜೋಡಣೆಯದು ಮರುದಿನ ಮಾಡಿಸಿದಾಗ ಎಲ್ಲರದೂ ಸರಿ. ನಾಲ್ಕು ದಿನ ಬಿಟ್ಟು ಎರಡನ್ನೂ ಕಲಸಿ ಕೊಟ್ಟೆ. 6 ಓಮ್ ಮತ್ತು 3 ಓಮ್ ರೋಧಗಳನ್ನು ಸಮಾಂತರವಾಗಿ ಜೋಡಿಸಿದೆ, ಒಟ್ಟು ರೋಧ ಎಷ್ಟು? ಅರ್ಧಕ್ಕಿಂತ ಹೆಚ್ಚು ಮಕ್ಕಳು 9 ಎಂದು ಬರೆದಿದ್ದರು. ಉತ್ತರ 2. ಮೊದಲು ಅವರಿಗೆ ದಾರಿ ತೋರಿಸಿದ್ದು ಆ ದಿನ ಹಲಗೆಯ ಮೇಲೆ ನಾನು ಬರೆದಿದ್ದ ತಲೆಬರಹ, ಲೆಕ್ಕದ ತಿಳಿವಳಿಕೆಯಲ್ಲ. ಪ್ರಶ್ನೆಪತ್ರಿಕೆಯಲ್ಲಿ ಆ ತಲೆಬರಹ ಇರುವುದಿಲ್ಲ.

ಈ ವಿಧಾನದಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಒಬ್ಬ ಹುಡುಗ ಪ್ರತಿ ದಿನವೂ ‘ಅಪಧಮನಿಗಳಲ್ಲಿ ಯಾವಾಗಲೂ ಆಕ್ಸಿಜನ್‌ಯುಕ್ತ ರಕ್ತ ಹರಿಯುತ್ತದೆ’ ಎಂದು ನೆನಪಿನಿಂದ ಬರೆಯುತ್ತಿದ್ದ. ಶ್ವಾಸಕೋಶದ ಅಪಧಮನಿಯ ವಿಷಯ ಅವನ ಹಾಳೆಯಲ್ಲಿ ಬರಲೇ ಇಲ್ಲ. ಕೆಂಪು ಪೆನ್ನಿನ ಕೆಲಸವನ್ನು ಅವನು ಹಾರಿಸುತ್ತಿದ್ದ, ನಾನೂ ನೋಡಿರಲಿಲ್ಲ. ಹತ್ತು ದಿನದಲ್ಲಿ ಆ ತಪ್ಪು ಕಲ್ಲಿನಂತೆ ಗಟ್ಟಿಯಾಯಿತು. ಬಿಡಿಸಲು ಸಾಕುಸಾಕಾಯಿತು. ಇನ್ನು ಕೊನೆಯ ಬೆಂಚಿನ ಇಬ್ಬರಿಗೆ ಕನ್ನಡ ಓದುವುದೇ ಕಷ್ಟ. ಅವರಿಗೆ ಪುಟ ಓದಿ ಮುಚ್ಚು ಎನ್ನುವುದರಲ್ಲಿ ಅರ್ಥವೇ ಇರಲಿಲ್ಲ. ಅವರಿಗೆ ಬೇಕಾದದ್ದು ಬೇರೆ, ಅದನ್ನು ಕೊಡಲು ನನಗೆ ಹೊತ್ತು ಸಾಲಲಿಲ್ಲ.

ಮೂರನೇ ಬೆಂಚಿನ ಹುಡುಗಿಗೆ ಬಿಳಿ ಹಾಳೆ ಎಂದರೆ ಭಯ. ಪರೀಕ್ಷೆಯ ದಿನವೂ ಅವಳ ಎದುರಿಗಿದ್ದದ್ದು ಅಂಥದೇ ಹಾಳೆ ತಾನೇ. ಅದಕ್ಕೇ ಅವಳಿಗೆ ಬರೆಯುವುದನ್ನು ನಿಲ್ಲಿಸಿ, ರಾತ್ರಿ ಅಮ್ಮನಿಗೆ ಒಪ್ಪಿಸು ಎಂದೆ. “ಅಮ್ಮಂಗೆ ಓದಕ್ಕೆ ಬರಲ್ಲ ಮಿಸ್.” “ಬರದಿದ್ರೆ ಏನಂತೆ, ಕೇಳಕ್ಕೆ ಬರುತ್ತಲ್ಲ.” ತಾಯಿ ಒಲೆ ಮುಂದೆ ಮುದ್ದೆ ತಿರುವುತ್ತಾ ಕೇಳುತ್ತಿದ್ದರಂತೆ. ಆಮೇಲೆ ಅವಳೇ ಪುಸ್ತಕ ತೆರೆದು ಬಿಟ್ಟದ್ದನ್ನು ಹುಡುಕುತ್ತಿದ್ದಳು. ಹದಿನೈದು ದಿನದ ಗಡುವು ಮುಗಿದಾಗ ತಾಯಿ ಮತ್ತೆ ಬಂದರು. “ನಂಗೆ ಅದೇನೂ ಅರ್ಥ ಆಗಲ್ಲ ಮೇಡಂ. ಆದ್ರೆ ಎಲ್ಲಿ ತಡವರಿಸ್ತಾಳೆ ಅಂತ ಗೊತ್ತಾಗುತ್ತೆ. ಅಲ್ಲಿ ನಿಲ್ಸಿ ಮತ್ತೆ ಹೇಳು ಅಂತೀನಿ. ನಿನ್ನೆ ಆ ಗುಂಡಿಗೆದು ನಿಲ್ಲದೆ ಹೇಳಿದ್ಲು.” ನಮ್ಮಜ್ಜಿ ಮಾಡುತ್ತಿದ್ದದ್ದೂ ಅಷ್ಟೇ.

ಮಂಡಿಯ ಮಾತು ಮತ್ತೆ ಬರಲಿಲ್ಲ. ಮುಂದಿನ ಘಟಕ ಪರೀಕ್ಷೆಯಲ್ಲಿ ಅವಳಿಗೆ 11 ಬಂತು. 11 ದೊಡ್ಡ ಅಂಕವೇನಲ್ಲ. ಈ ಸಲ ಉತ್ತರ ಪತ್ರಿಕೆ ಕೊಡುವ ಮೊದಲು ಅವಳನ್ನು ಒಬ್ಬಳನ್ನೇ ಕರೆದು, ಆ ದಿನ ಹಾಗೆ ಕೇಳಬಾರದಿತ್ತು ಎಂದೆ. ಅವಳು ನೆಲ ನೋಡುತ್ತಾ, “ಪರವಾಗಿಲ್ಲ ಮಿಸ್,” ಎಂದಳು. ತರಗತಿಯ ಎದುರು ಕೇಳಿದ್ದನ್ನು ತರಗತಿಯ ಎದುರೇ ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ವಿಜ್ಞಾನದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ 20. ಆ 80ರಲ್ಲಿ ಅವಳಿಗೆ ಎಷ್ಟು ಬರುತ್ತದೋ ನೋಡಲು ನಾನು ಅಲ್ಲಿ ಇರಲಿಲ್ಲ. ಬೋಧನಾಭ್ಯಾಸದ ಅವಧಿ ಅದಕ್ಕೂ ಮೊದಲೇ ಮುಗಿಯಿತು.

ಕೊನೆಯ ದಿನ ಮಕ್ಕಳು ಹಲಗೆಯ ಮೇಲೆ ಹೂವಿನ ಚಿತ್ರ ಬರೆದು ಬೀಳ್ಕೊಡುಗೆ ಮಾಡಿದರು. ಹಾಡು, ಬಿಸ್ಕತ್ತು ಎಲ್ಲ ಆದ ಮೇಲೆ ಅವಳು ಚಾಕ್‌ಪೀಸು ತಂದು ನನ್ನ ಕೈಗಿಟ್ಟಳು. “ಮಿಸ್, ನೆಫ್ರಾನ್ ಚಿತ್ರ ನೋಡ್ದೆ ಬರೀರಿ.” ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಪಾಠ ಮಾಡುವಾಗ ನಾನು ಚಾರ್ಟ್ ನೇತುಹಾಕಿ ತೋರಿಸಿದ್ದೆನೇ ಹೊರತು ಕೈಯಾರೆ ಬರೆದಿರಲಿಲ್ಲ. ಬೌಮನ್‌ನ ಕೋಶ ಬರೆದೆ, ಅದರೊಳಗಿನ ಲೋಮನಾಳಗಳ ಗುಚ್ಛ ಬರೆದೆ, ನಾಳಿಕೆಯನ್ನು ಸುತ್ತಿಸಿ ಕೆಳಗಿಳಿಸಿದೆ, ಸಂಗ್ರಾಹಕ ನಾಳಕ್ಕೆ ಸೇರಿಸಿದೆ. ಹೆಸರುಗಳನ್ನೂ ಗುರುತಿಸಿ ಹಿಂದಕ್ಕೆ ಸರಿದೆ. ಅವಳು ಪುಸ್ತಕ ತೆರೆದು ಒಂದೊಂದಾಗಿ ಹೋಲಿಸಿ ನೋಡಿದಳು. ಆಮೇಲೆ ಕೆಂಪು ಚಾಕ್‌ಪೀಸು ತೆಗೆದುಕೊಂಡು, ನಾನು ಬಿಟ್ಟಿದ್ದ ಮೂತ್ರಜನಕಾಂಗದ ಅಪಧಮನಿಯ ಕವಲನ್ನು ಎಳೆದು, ಪಕ್ಕದಲ್ಲಿ ಹೆಸರು ಬರೆದಳು.