ಕಾವೇರಿ ದಂಡೆಯ ಶಾಂತಿವನದಿಂದ

ತಣ್ಣೀರ್‌ಪಳ್ಳಿ, ಕುಳಿತಲೈ

ಪ್ರೀತಿಯ ಅಕ್ಕ,

ಆದಿರಂಗ, ಮಧ್ಯರಂಗಗಳನ್ನು ಬಳಸಿ ಬಂದ ಕಾವೇರಿ ಅಂತ್ಯರಂಗ ಮುಟ್ಟುವ ಮೊದಲು ಈ ಊರ ಮಗ್ಗುಲಲ್ಲಿ ಹರಿಯುತ್ತಾಳೆ. ನಮ್ಮ ಶ್ರೀರಂಗಪಟ್ಟಣದಲ್ಲಿದ್ದ ಬಂಡೆಗಳ ಗಲಾಟೆ ಇಲ್ಲಿಲ್ಲ. ಪಾತ್ರ ಅಗಲ, ಮರಳು ವಿಪರೀತ. ದಂಡೆಯ ತೋಪಿನಲ್ಲಿರುವ ಸಚ್ಚಿದಾನಂದ ಆಶ್ರಮಕ್ಕೆ ಜನ ಹೇಳುವುದು ಶಾಂತಿವನಂ ಎಂದೇ. 1950ರಲ್ಲಿ ಜೂಲ್ಸ್ ಮೊನ್ಶಾನಿನ್ ಮತ್ತು ಆಂರಿ ಲ ಸೋ ಎಂಬ ಇಬ್ಬರು ಫ್ರೆಂಚ್ ಕ್ರೈಸ್ತ ಗುರುಗಳು ಕಾವಿ ಉಟ್ಟು ಇದನ್ನು ಆರಂಭಿಸಿದರು. ದಿನಕ್ಕೆ ಮೂರು ಬಾರಿ ಎಲ್ಲರೂ ಕೂಡಿ ಪ್ರಾರ್ಥಿಸುತ್ತಾರೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಮೌನಧ್ಯಾನಕ್ಕೆ ಮೀಸಲು. ಸುಮ್ಮನೆ ಕೂತರೆ ಭರವಸೆ ಎಲ್ಲಿಂದ ಬರುತ್ತದೆ ಎನ್ನುವುದು ನಿನ್ನ ಹಳೆಯ ತಕರಾರು. ಮೌನ ಯಾವ ಶುಭ ಸುದ್ದಿಯನ್ನೂ ತಂದುಕೊಡುವುದಿಲ್ಲ, ಒಪ್ಪಿದೆ. ಆದರೆ ಫಲ ಕಣ್ಣಿಗೆ ಕಂಡರಷ್ಟೇ ನಂಬುತ್ತೇನೆಂದು ದೇವರ ಮುಂದೆ ನಾವು ಒಡ್ಡುವ ಷರತ್ತನ್ನು ಅದು ಮೆಲ್ಲಗೆ ಸಡಿಲಿಸುತ್ತದೆ. ಕಂಡದ್ದನ್ನು ನಿರೀಕ್ಷಿಸುವ ಅಗತ್ಯವೇ ಇಲ್ಲವೆಂದು ಸಂತ ಪೌಲರು ರೋಮನರಿಗೆ ಬರೆದದ್ದರ ಅರ್ಥ ಇದೇ ಎಂದು ನನಗನಿಸುತ್ತದೆ.

ಈ ಆಶ್ರಮದ ಚರಿತ್ರೆಯನ್ನೇ ನೋಡು. ಲೋಕದ ಲೆಕ್ಕದಲ್ಲಿ ಅದರ ಮೊದಲ ವರ್ಷಗಳು ಸೋಲು. ಶಿಷ್ಯ ಪರಂಪರೆ ಬೆಳೆಯಲಿಲ್ಲ. ಮೊನ್ಶಾನಿನ್ 1957ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ, ತಮ್ಮ ಕನಸು ಚಿಗುರಿದ್ದನ್ನು ಕಂಡಿರಲಿಲ್ಲ. ಅಭಿಷಿಕ್ತಾನಂದರೆಂದು ಹೆಸರಾದ ಲ ಸೋ 1968ರಲ್ಲಿ ಇದನ್ನು ಬೇರೆಯವರ ಕೈಗಿತ್ತು ಹಿಮಾಲಯದ ಕಡೆ ಹೊರಟರು. ಆಗ ಬಂದವರು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್. ಅವರ ಕಥೆಯಲ್ಲಿ ನಮ್ಮ ಕೆಂಗೇರಿಯೂ ಇದೆ: 1955ರಲ್ಲಿ ಭಾರತಕ್ಕೆ ಬಂದವರು ಅಲ್ಲಿ ಮಠ ಕಟ್ಟಲು ಹೊರಟರು, ಅದು ನೆಲೆ ನಿಲ್ಲಲಿಲ್ಲ, 1958ರಲ್ಲಿ ಕೇರಳದ ಕುರಿಶುಮಲೆಗೆ ಹೋದರು. ಅವರ ಕಾಲದಲ್ಲಿ ಶಾಂತಿವನಂ ದೇಶವಿದೇಶಗಳ ಜನರನ್ನು ಸೆಳೆಯಿತು. ಕೊನೆಗೆ ಫಲ ಸಿಕ್ಕಿತಲ್ಲ, ಆಮೇಲಿನ್ನೇನು ಎನ್ನಬೇಡ. ಮೊನ್ಶಾನಿನ್ ಪ್ರಾರ್ಥಿಸಿದ್ದು ಅದು ಗೊತ್ತಿಲ್ಲದೆ. ಅದು ಬರಿಯ ಹಠ ಎಂದರೂ ನಾನು ಒಪ್ಪುವುದಿಲ್ಲ. ಹಠ ಹಿಡಿದವರು ಕಟ್ಟಿದ್ದನ್ನು ಅಭಿಷಿಕ್ತಾನಂದರಂತೆ ಬಿಟ್ಟುಕೊಟ್ಟು ನಡೆಯುವುದಿಲ್ಲ.

ಇನ್ನು ಪಲಾಯನದ ಆರೋಪ. ಹೊರಗೆ ಜನ ಕಷ್ಟದಲ್ಲಿರುವಾಗ ಏಕಾಂತ ಹುಡುಕುವುದು ಸ್ವಾರ್ಥವಲ್ಲವೇ? ಬೈಬಲಿನ ಪ್ರವಾದಿ ಎಲೀಯ ನಿಜವಾಗಿಯೂ ಓಡಿಹೋದವನೇ. ರಾಣಿ ಈಜೆಬೆಲಳಿಗೆ ಹೆದರಿ ಅಡವಿ ಸೇರಿ, ಗಿಡವೊಂದರ ಕೆಳಗೆ ಸಾವು ಬೇಡಿದ. ಅವನಿಗೆ ಮೊದಲು ಸಿಕ್ಕಿದ್ದು ನಿದ್ದೆ, ರೊಟ್ಟಿ, ನೀರು. ಪ್ರಸಂಗ ಮಾಡುವವರು ಇದನ್ನು ಯಾಕೋ ಹಾರಿಸಿಬಿಡುತ್ತಾರೆ. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿಗಳು ಕಳೆದ ಮೇಲೆ ಕೇಳಿದ ಮೆಲುದನಿ ಅವನನ್ನು ಸಂತೈಸಿ ಕೂರಿಸಿಕೊಳ್ಳಲಿಲ್ಲ. ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿ, ದಮಸ್ಕದ ದಾರಿ ಹಿಡಿಸಿ, ಕೈತುಂಬ ಕೆಲಸ ಕೊಟ್ಟಿತು. ತಾನೊಬ್ಬನೇ ಉಳಿದಿದ್ದೇನೆ ಎಂದವನಿಗೆ, ಬಾಳನೆಂಬ ದೇವತೆಗೆ ಮಣಿಯದ 7000 ಮಂದಿ ಇನ್ನೂ ಇದ್ದಾರೆಂದು ತಿಳಿಸಿತು. ಹತಾಶೆಗೆ ಕಾರಣವಾಗಿದ್ದ ತಪ್ಪು ಲೆಕ್ಕ ಸರಿಹೋದದ್ದು ಏಕಾಂತದಲ್ಲೇ. ಯೇಸುಸ್ವಾಮಿಯೂ ಮಾರ್ಕನ ಮೊದಲ ಅಧ್ಯಾಯದಲ್ಲಿ ನಸುಕಿಗೇ ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಅಲ್ಲಿಂದ ನೇರ ಹೊರಡುವುದು ಪಕ್ಕದ ಊರುಗಳಿಗೆ.

ಮೌನ ಎಲ್ಲರಿಗೂ ಒಗ್ಗುತ್ತದೆಂದು ನಾನು ವಾದಿಸುವುದಿಲ್ಲ. ಮನಸ್ಸು ಕುಸಿದವರನ್ನು ಒಂಟಿಯಾಗಿ ಬಿಟ್ಟರೆ ಇನ್ನಷ್ಟು ಕುಸಿದಾರು. ನಾಲ್ಕನೇ ಶತಮಾನದಲ್ಲೇ ಈಜಿಪ್ಟಿನ ಮರುಭೂಮಿಯ ಎವಾಗ್ರಿಯಸ್, ನಡುಮಧ್ಯಾಹ್ನ ಸನ್ಯಾಸಿಯನ್ನು ಹಿಡಿಯುವ ಬೇಸರವನ್ನು ದೆವ್ವವೆಂದೇ ಬಣ್ಣಿಸಿದ್ದ. ಈ ಆಶ್ರಮ ಸೇರಿರುವ ಕಮಾಲ್ದೊಲಿ ಸಂಪ್ರದಾಯ ಏಕಾಂತದ ಗುಡಿಸಲನ್ನೂ ಕೂಡಿ ಬಾಳುವ ಮಠವನ್ನೂ ಒಟ್ಟಿಗೆ ಇಟ್ಟುಕೊಂಡಿದೆ. ಅದು ಅನುಭವದ ಜಾಣತನ. ನಿನ್ನ ಇನ್ನೊಂದು ಮಾತೇ ನನ್ನನ್ನು ಹೆಚ್ಚು ಕಾಡುವುದು: ಸಂಸಾರವಿರುವ ಹೆಂಗಸಿಗೆ ಮೌನ ಎಲ್ಲಿಂದ ಬರಬೇಕು? ಆಶ್ರಮದ ವೇಳಾಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ಎಲೀಯನಿಗೆ ದೇವದೂತ ರೊಟ್ಟಿ ತಂದಿಟ್ಟ. ನಿನಗೆ ಅರ್ಧ ಗಂಟೆಯ ಏಕಾಂತ ಸಿಗಬೇಕಾದರೂ ಆ ಹೊತ್ತಿಗೆ ಇನ್ನೊಬ್ಬರು ಒಲೆ ಮುಂದೆ ನಿಲ್ಲಬೇಕು. ಈ ಸಾಲುಗಳನ್ನು ಭಾವನಿಗೂ ಓದಿ ಹೇಳು.

ನಿನ್ನ ತಂಗಿ